ಅರಬ್ಬರ ಮನೆಮಕ್ಕಳೂ ನರ್ಸ್ ಆಗಲಿ

ನಮ್ಮ ಚಿಕ್ಕಮ್ಮ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಸ್ಟಾಫ್ ನರ್ಸ್. ಹೋಗಿ ಹದಿನಾಲ್ಕು ವರ್ಷವಾಯಿತು. ಆಗ ನಾನು ಒಂದನೇ ಕ್ಲಾಸು. ಈಗ ಬಿಇ ಐದನೇ ಸೆಮಿಸ್ಟರ್. ನಮ್ಮ ಮನೆಯ ಹೆಂಚು ಹೋಗಿ ತಾರಸಿ ಬಂದದ್ದು, ಅಜ್ಜನ ಆಪರೇಷನ್ ಆದದ್ದು, ನನ್ನ ಕಾಲೇಜು ಫೀಸು ಕಟ್ಟುತ್ತಿರುವುದು ಎಲ್ಲವೂ ಅವರ ನೈಟ್ ಡ್ಯೂಟಿಯ ದುಡ್ಡಿನಲ್ಲಿ. ಆದ್ದರಿಂದ ಇಲ್ಲಿ ನಾನು ಹೇಳಹೊರಟಿರುವ ಮಾತು ನಮ್ಮ ಮನೆಯಲ್ಲಿ ಯಾರಿಗೂ ಇಷ್ಟವಾಗಲಿಕ್ಕಿಲ್ಲ. ಚಿಕ್ಕಮ್ಮನೊಬ್ಬರನ್ನು ಬಿಟ್ಟು.

ಕಳೆದ ಸಲ ರಜೆಯಲ್ಲಿ ಬಂದಾಗ ಅವರೊಂದು ಘಟನೆ ಹೇಳಿದರು. ಅವರ ವಾರ್ಡಿಗೆ ದೂರದ ಹಳ್ಳಿಯಿಂದ ಒಬ್ಬರು ಅಜ್ಜಿ ದಾಖಲಾಗಿದ್ದರಂತೆ. ರಾತ್ರಿ ಎರಡು ಗಂಟೆಗೆ ಬೆಲ್ ಒತ್ತಿ, ಎದೆಯ ಮೇಲೆ ಕೈಯಿಟ್ಟು, 'ದಾಯಿಗ್ ಸದ್ರಿ' ಎಂದರು. ಎದೆ ಇಕ್ಕಟ್ಟಾಗಿದೆ ಎಂದು ಅದರ ಅರ್ಥ. ಚಿಕ್ಕಮ್ಮನಿಗೆ ಅಷ್ಟು ಅರೇಬಿಕ್ ಬರುತ್ತದೆ. ಕೂಡಲೇ ಬಿಪಿ ನೋಡಿದರು, ಇಸಿಜಿ ತೆಗೆಸಿದರು, ಡಾಕ್ಟರನ್ನು ಎಬ್ಬಿಸಿದರು. ಎಲ್ಲವೂ ಸರಿಯಾಗಿಯೇ ಇತ್ತು. ಅಜ್ಜಿ ಮಾತ್ರ ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದರು. ಕೊನೆಗೆ ಪಕ್ಕದ ವಾರ್ಡಿನಲ್ಲಿದ್ದ ಹೊಸ ಸೌದಿ ಹುಡುಗಿಯೊಬ್ಬಳು ಬಂದು ಮಂಚದ ಬದಿಯಲ್ಲಿ ಕೂತು, ಅಜ್ಜಿಯ ಕೈ ಹಿಡಿದು, ಏನೋ ಕೇಳಿದಳು. ಅಜ್ಜಿ ಅಳತೊಡಗಿದರು. ಮೂರು ದಿನವಾದರೂ ಮಗ ನೋಡಲು ಬಂದಿಲ್ಲ ಎಂಬುದೇ ಅವರ ಸಂಕಟ. ಅವರ ಕಡೆ ಮನಸ್ಸಿಗೆ ಬೇಜಾರಾದರೂ 'ಎದೆ ಇಕ್ಕಟ್ಟಾಗಿದೆ' ಎಂದೇ ಹೇಳುತ್ತಾರಂತೆ. ನಮ್ಮ ಅಜ್ಜಿ 'ಎದೆ ಭಾರ ಆಗಿದೆ' ಎನ್ನುವುದಿಲ್ಲವೇ, ಹಾಗೆ.

'ನಾನು ಮಾಡಿದ್ದು ತಪ್ಪಲ್ಲ ಮಗಾ. ಎದೆ ಅಂದ ಕೂಡಲೇ ಇಸಿಜಿ ತೆಗೆಯಲೇಬೇಕು. ಆದ್ರೆ ಹದಿನಾಲ್ಕು ವರ್ಷದಲ್ಲಿ ನನಗೆ ಸಿಗದ ಮಾತು ಆ ಹುಡುಗಿಗೆ ಒಂದು ನಿಮಿಷದಲ್ಲಿ ಸಿಕ್ಕಿತು ನೋಡು' ಎಂದರು ಚಿಕ್ಕಮ್ಮ. ಸ್ವಲ್ಪ ಹೊತ್ತು ಬಿಟ್ಟು, 'ಅವಳಂಥವರು ಇನ್ನೂ ನಾಲ್ಕು ಜನ ನಮ್ಮ ವಾರ್ಡಿನಲ್ಲಿ ಇರಬೇಕಿತ್ತು' ಎಂದರು.

ಆ ನಾಲ್ಕು ಜನ ಯಾಕಿಲ್ಲ ಎಂಬ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿ ಕೂತಿದೆ.

ದುಡ್ಡಿದೆ, ಮನಸ್ಸಿಲ್ಲ

ಕೊಲ್ಲಿ ದೇಶಗಳ ಆಸ್ಪತ್ರೆಗಳನ್ನು ಕಂಡವರಿಗೆ ಗೊತ್ತು: ಕಟ್ಟಡ, ಯಂತ್ರ, ಔಷಧಿ ಯಾವುದಕ್ಕೂ ಅಲ್ಲಿ ಬಡತನವಿಲ್ಲ. ಆದರೆ ರೋಗಿಯ ಪಕ್ಕ ನಿಲ್ಲುವವರು ಹೆಚ್ಚಾಗಿ ಭಾರತ, ಫಿಲಿಪೀನ್ಸ್‌ನಂಥ ಹೊರದೇಶಗಳಿಂದ ಬಂದವರು. ಕುವೈತ್, ಕತಾರ್, ಯುಎಇಗಳಲ್ಲಿ ಆ ದೇಶದ್ದೇ ನರ್ಸ್ ಸಿಗುವುದು ತೀರಾ ಅಪರೂಪ. ಸೌದಿಯಲ್ಲಿ ಪರಿಸ್ಥಿತಿ ಸುಧಾರಿಸುತ್ತಿದೆಯಾದರೂ ಬಹುಕಾಲ ಅಲ್ಲಿನ ನರ್ಸ್‌ಗಳಲ್ಲಿ ಸೌದಿಯವರು ಅರ್ಧದಷ್ಟೂ ಇರಲಿಲ್ಲ.

ಕೆಲಸವಿಲ್ಲದ ಯುವಕರು ಅಲ್ಲೂ ಇದ್ದಾರೆ. ಡಿಗ್ರಿ ಹಿಡಿದು ಸರ್ಕಾರಿ ಕಚೇರಿಯ ಕೆಲಸಕ್ಕಾಗಿ ಕಾಯುವ ಅಲ್ಲಿನ ಹುಡುಗ ಹುಡುಗಿಯರ ಕಥೆ ನಮ್ಮ ಕೆಎಎಸ್, ಎಫ್‌ಡಿಎ ಆಕಾಂಕ್ಷಿಗಳ ಕಥೆಗಿಂತ ಬಹಳ ಬೇರೆಯಲ್ಲ. ಒಂದು ಕಡೆ ಕೆಲಸ ಬೇಕು ಎನ್ನುವ ಯುವಕರು, ಇನ್ನೊಂದು ಕಡೆ ಜನ ಬೇಕು ಎನ್ನುವ ಆಸ್ಪತ್ರೆಗಳು. ನಡುವೆ ಅಡ್ಡ ನಿಂತಿರುವುದು 'ಜನ ಏನಂದಾರು' ಎಂಬ ಮಾತು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 2.8 ಕೋಟಿ ನರ್ಸ್‌ಗಳಿದ್ದರು. ಇನ್ನೂ 59 ಲಕ್ಷ ಮಂದಿಯ ಕೊರತೆ ಇತ್ತು. ಪ್ರತಿ ಎಂಟು ನರ್ಸ್‌ಗಳಲ್ಲಿ ಒಬ್ಬರು ತಮ್ಮ ದೇಶ ಬಿಟ್ಟು ಬೇರೆ ದೇಶದಲ್ಲಿ ದುಡಿಯುತ್ತಿದ್ದರು. ಆ ಎಂಟನೆಯವರಲ್ಲಿ ಒಬ್ಬರು ನಮ್ಮ ಚಿಕ್ಕಮ್ಮ.

ಹೊರಗಿನವರನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದನ್ನೂ ಆ ನಾಡು ಕಂಡಿದೆ. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತ್‌ಗೆ ನುಗ್ಗಿತು. ಆಗ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ಊರಿಗೆ ಕರೆತರಲಾಯಿತು. ಅವರಲ್ಲಿ ನರ್ಸ್‌ಗಳೂ ಇದ್ದರು. ಅವರು ಹೊರಟದ್ದು ತಪ್ಪಲ್ಲ. ಜೀವ ಎಲ್ಲರಿಗೂ ದೊಡ್ಡದು. ಆದರೆ ಹಾಸಿಗೆಯಲ್ಲಿ ಮಲಗಿದ್ದ ರೋಗಿ ವಿಮಾನ ಹತ್ತಲಾರ. 2014ರಲ್ಲಿ ಇರಾಕ್‌ನ ತಿಕ್ರಿತ್‌ನಲ್ಲಿ ಸಿಕ್ಕಿಹಾಕಿಕೊಂಡ ಭಾರತದ 46 ನರ್ಸ್‌ಗಳ ಸುದ್ದಿ ನಮಗೆಲ್ಲ ನೆನಪಿದೆ. ಅವರು ಬಂದಿಳಿದಾಗ ನಾವು ಸಂತೋಷಪಟ್ಟೆವು. ಅವರು ಬಿಟ್ಟುಬಂದ ಆ ಆಸ್ಪತ್ರೆಯ ರೋಗಿಗಳನ್ನು ಮರುದಿನ ಯಾರು ನೋಡಿಕೊಂಡರು ಎಂದು ಕೇಳಿದವರು ಕಡಿಮೆ.

ಹೆಸರು ಕೆಟ್ಟದ್ದು ಹೇಗೆ?

'ಅವರ ಧರ್ಮದಲ್ಲಿ, ಸಂಪ್ರದಾಯದಲ್ಲಿ ಇದಕ್ಕೆ ಒಪ್ಪಿಗೆ ಇಲ್ಲವೇನೋ' ಎಂದು ನನ್ನ ಗೆಳೆಯನೊಬ್ಬ ಹೇಳಿದ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಓದಿ ನೋಡಿದರೆ ವಿಷಯ ಪೂರ್ತಿ ತಿರುವುಮುರುವು. ಇಸ್ಲಾಂನ ಮೊದಲ ನರ್ಸ್ ಎಂದು ಮುಸ್ಲಿಮರೇ ಹೆಮ್ಮೆಯಿಂದ ಹೇಳಿಕೊಳ್ಳುವ ರುಫೈದಾ ಅಲ್ ಅಸ್ಲಮಿಯಾ 7ನೇ ಶತಮಾನದಲ್ಲಿ ಮದೀನಾದಲ್ಲಿದ್ದವರು. ತಂದೆಯಿಂದ ವೈದ್ಯ ಕಲಿತು, ಯುದ್ಧದ ಸಮಯದಲ್ಲಿ ಡೇರೆ ಹಾಕಿ ಗಾಯಾಳುಗಳನ್ನು ನೋಡಿಕೊಂಡರು, ಬೇರೆ ಹೆಂಗಸರಿಗೂ ಕಲಿಸಿಕೊಟ್ಟರು ಎಂದು ಹೇಳುತ್ತಾರೆ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ. ಅಂದರೆ ರುಫೈದಾ ಅವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನವರು. ಅರಬ್ ಹುಡುಗಿಗೆ ಮಾದರಿ ಹುಡುಕಲು ಲಂಡನ್‌ಗೆ ಹೋಗಬೇಕಾಗಿಯೇ ಇಲ್ಲ.

ಹಾಗಾದರೆ ಈ ಕೆಲಸಕ್ಕೆ ಕೆಟ್ಟ ಹೆಸರು ಅಂಟಿದ್ದು ಎಲ್ಲಿಂದ? ಕಾರಣ ಚರಿತ್ರೆಯಲ್ಲಿ ಸಿಗುತ್ತದೆ. 1832ರಲ್ಲಿ ಈಜಿಪ್ಟ್‌ನಲ್ಲಿ ಮುಹಮ್ಮದ್ ಅಲಿಯ ಆಳ್ವಿಕೆಯಲ್ಲಿ, ಕ್ಲೋ ಬೇ ಎಂಬ ಫ್ರೆಂಚ್ ವೈದ್ಯರ ಮುಂದಾಳತ್ವದಲ್ಲಿ ಹೆಣ್ಣುಮಕ್ಕಳಿಗಾಗಿ ಸೂಲಗಿತ್ತಿಯರ ತರಬೇತಿ ಶಾಲೆ ಶುರುವಾಯಿತು. ಮರ್ಯಾದಸ್ಥರೆನಿಸಿಕೊಂಡ ಯಾವ ಕುಟುಂಬವೂ ಮಗಳನ್ನು ಕಳಿಸಲಿಲ್ಲ. ಕೊನೆಗೆ ಗುಲಾಮರ ಮಾರುಕಟ್ಟೆಯಿಂದ ಹುಡುಗಿಯರನ್ನು ಕೊಂಡು ತಂದು ಮೊದಲ ತರಗತಿ ತುಂಬಿಸಬೇಕಾಯಿತು. ಶಾಲೆ ಹೀಗೆ ಆರಂಭವಾದ ಮೇಲೆ ಆ ಕಸುಬಿಗೆ ಎಂಥ ಗೌರವ ಸಿಕ್ಕೀತು?

ಸೌದಿಯಲ್ಲಿ ನರ್ಸಿಂಗ್ ತರಬೇತಿ ಶುರುವಾದದ್ದು 1958ರಲ್ಲಿ, ರಿಯಾದ್‌ನಲ್ಲಿ. ಮೊದಲ ಬ್ಯಾಚಿನಲ್ಲಿ ಇದ್ದದ್ದು 15 ಮಂದಿ, ಎಲ್ಲರೂ ಗಂಡಸರು! ಹುಡುಗಿಯರಿಗೆ ಶಾಲೆ ತೆರೆದದ್ದು ಆಮೇಲೆ. ಆದರೆ ಆ ಮೊದಲ ಬ್ಯಾಚಿಗೆ ಸೇರಲು ಪ್ರಾಥಮಿಕ ಶಾಲೆಯ ಓದು ಸಾಕಿತ್ತು. ಕೋರ್ಸ್ ಒಂದೇ ವರ್ಷ. ವಿಶ್ವವಿದ್ಯಾಲಯದ ಪದವಿ ಬಂದದ್ದು 1976ರಲ್ಲಿ, ಕಿಂಗ್ ಸೌದ್ ವಿಶ್ವವಿದ್ಯಾಲಯದಲ್ಲಿ. 'ಹೆಚ್ಚು ಓದದವರು ಮಾಡುವ ಕೆಲಸ' ಎಂಬ ಮುದ್ರೆ ಅಷ್ಟರಲ್ಲಿ ಬಿದ್ದುಬಿಟ್ಟಿತ್ತು. ಇಂದು ನಾಲ್ಕು ವರ್ಷ ಅಂಗರಚನೆ, ಔಷಧಶಾಸ್ತ್ರ ಓದಿ, ಇಂಟರ್ನ್‌ಷಿಪ್ ಮುಗಿಸಿ, ವೆಂಟಿಲೇಟರ್ ನಡೆಸುವ ಹುಡುಗಿಯನ್ನೂ ಜನ ಅದೇ ಹಳೆಯ ಮುದ್ರೆಯಲ್ಲಿ ನೋಡುತ್ತಾರೆ.

ಇದರ ಮೇಲೆ ನೈಟ್ ಶಿಫ್ಟು, ಪರಪುರುಷರ ಶುಶ್ರೂಷೆ, ಮದುವೆಯ ಮಾತುಕತೆಯಲ್ಲಿ ಎದ್ದೇಳುವ ಪ್ರಶ್ನೆಗಳು. ಚಿಕ್ಕಮ್ಮನ ಜೊತೆಗಾತಿ ಆ ಸೌದಿ ಹುಡುಗಿ ನರ್ಸಿಂಗ್ ಸೇರುತ್ತೇನೆ ಎಂದಾಗ ಆಕೆಯ ಮಾವ ಎರಡು ವರ್ಷ ಮಾತು ಬಿಟ್ಟಿದ್ದರಂತೆ. 'ಡಾಕ್ಟರ್ ಆಗು, ಇಲ್ಲವೇ ಟೀಚರ್ ಆಗು' ಎಂಬುದು ಅವರ ಪಟ್ಟು. ಈಗ ಅದೇ ಮಾವ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಹಾಕಿಸಿಕೊಳ್ಳಲು ಆಕೆಗೇ ಫೋನ್ ಮಾಡುತ್ತಾರಂತೆ.

ನಗುವ ಮೊದಲು ನಮ್ಮ ಮನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ನಾನು ಪಿಸಿಎಂಬಿ. ಸಿಇಟಿ ಆಪ್ಷನ್ ಎಂಟ್ರಿ ಮಾಡುವಾಗ ಚಿಕ್ಕಮ್ಮ ಫೋನಿನಲ್ಲಿ, 'ಬಿಎಸ್‌ಸಿ ನರ್ಸಿಂಗನ್ನೂ ಹಾಕು, ಗಂಡುಮಕ್ಕಳಿಗೆ ಇಲ್ಲಿ ಒಳ್ಳೆ ಬೇಡಿಕೆ ಇದೆ' ಎಂದರು. ಪಕ್ಕದಲ್ಲಿದ್ದ ದೊಡ್ಡಪ್ಪ, 'ಗಂಡು ಹುಡುಗ ಹೋಗಿ ಹೋಗಿ ನರ್ಸಾ?' ಎಂದು ನಕ್ಕರು. ಅಮ್ಮ ನಕ್ಕರು. ನಾನೂ ನಕ್ಕೆ. ಫೋನ್ ಸ್ಪೀಕರ್‌ನಲ್ಲಿತ್ತು. ಆ ಕಡೆಯಿಂದ ಚಿಕ್ಕಮ್ಮ ಏನೂ ಹೇಳಲಿಲ್ಲ. ಅದಾಗಿ ಒಂದು ತಿಂಗಳಿಗೆ ನನ್ನ ಇಂಜಿನಿಯರಿಂಗ್ ಸೀಟಿನ ಮೊದಲ ಕಂತು ಅವರ ಖಾತೆಯಿಂದಲೇ ಬಂತು. ನಾನು ಇಂಜಿನಿಯರಿಂಗ್ ಇಷ್ಟಪಟ್ಟೇ ಓದುತ್ತಿದ್ದೇನೆ. ಆದರೆ ಆ ನಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ರಿಯಾದ್‌ನ ಆ ಮಾವನಿಗೂ ನಮಗೂ ಏನು ವ್ಯತ್ಯಾಸ?

ಮಾಡಿ ತೋರಿಸಿದವರಿದ್ದಾರೆ

ಮನಸ್ಸು ಬದಲಾಗುವುದಿಲ್ಲ ಎಂದು ಕೈಚೆಲ್ಲಬೇಕಾಗಿಲ್ಲ. ಪಕ್ಕದ ಒಮಾನ್‌ನಲ್ಲೂ ಒಂದು ಕಾಲದಲ್ಲಿ ನರ್ಸ್‌ಗಳೆಂದರೆ ಬಹುಪಾಲು ವಿದೇಶಿಯರೇ. ಅಲ್ಲಿನ ಸರ್ಕಾರ ನರ್ಸಿಂಗ್ ಶಾಲೆಗಳನ್ನು ರಾಜಧಾನಿ ಮಸ್ಕತ್‌ನಲ್ಲೇ ಇಟ್ಟುಕೊಳ್ಳದೆ ದೂರದ ಪ್ರಾಂತ್ಯಗಳಲ್ಲೂ ತೆರೆಯಿತು. ಹುಡುಗಿ ಊರು ಬಿಟ್ಟು ಹಾಸ್ಟೆಲ್ ಸೇರಬೇಕಾಗಲಿಲ್ಲ. ತನ್ನ ಊರಿನ ಬಳಿಯೇ ಓದಿದಳು, ತನ್ನ ಊರಿನ ಆಸ್ಪತ್ರೆಯಲ್ಲೇ ಕೆಲಸಕ್ಕೆ ಸೇರಿದಳು. ಅಕ್ಕಪಕ್ಕದವರು ಅವಳ ಕೆಲಸವನ್ನು ಕಣ್ಣಾರೆ ಕಂಡರು. ಹೀಗೆ ಒಂದು ತಲೆಮಾರಿನಲ್ಲೇ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಒಮಾನಿ ನರ್ಸ್‌ಗಳೇ ಅರ್ಧಕ್ಕಿಂತ ಹೆಚ್ಚಾದರು. ಹೆಣ್ಣುಮಕ್ಕಳ ಹೈಸ್ಕೂಲು ಹಳ್ಳಿಗೆ ಬಂದ ಮೇಲೆ ನಮ್ಮಲ್ಲೂ ಹೀಗೇ ಆಯಿತಲ್ಲವೇ?

ಜೋರ್ಡನ್ ಹಿಡಿದ ದಾರಿ ಇನ್ನೊಂದು. ರಾಜಮನೆತನದ ರಾಜಕುಮಾರಿ ಮುನಾ ಅಲ್ ಹುಸೇನ್ ಅವರೇ ನರ್ಸಿಂಗ್ ಶಿಕ್ಷಣದ ಬೆನ್ನಿಗೆ ನಿಂತರು. ಅವರ ಹೆಸರಿನ ನರ್ಸಿಂಗ್ ಕಾಲೇಜು ಅಲ್ಲಿದೆ. ಜೋರ್ಡನ್ ವಿಶ್ವವಿದ್ಯಾಲಯದಲ್ಲಿ 1972ರಲ್ಲೇ ನರ್ಸಿಂಗ್ ವಿಭಾಗ ತೆರೆಯಿತು. ರಾಜಮನೆತನದವರೇ ಮುಂದೆ ನಿಂತ ಕೆಲಸವನ್ನು ಕೀಳು ಎನ್ನಲು ನೆರೆಮನೆಯವರಿಗೆ ನಾಲಿಗೆ ಏಳುವುದಿಲ್ಲ. ಇಂದು ಅಲ್ಲಿ ಗಂಡುಹುಡುಗರೂ ದೊಡ್ಡ ಸಂಖ್ಯೆಯಲ್ಲಿ ನರ್ಸಿಂಗ್ ಓದುತ್ತಾರೆ. ಗಂಡಸರ ವಾರ್ಡು, ಹೆಂಗಸರ ವಾರ್ಡು ಬೇರೆ ಬೇರೆ ಇರುವ ಸಮಾಜದಲ್ಲಿ ಗಂಡು ನರ್ಸ್ ಬೇಕೇ ಬೇಕು. 'ಹೆಣ್ಣುಮಕ್ಕಳು ಪರಪುರುಷರನ್ನು ಮುಟ್ಟಬಾರದು' ಎಂದು ವಾದಿಸುವ ಅಪ್ಪಂದಿರು ತಮ್ಮ ಗಂಡುಮಕ್ಕಳನ್ನಾದರೂ ನರ್ಸಿಂಗಿಗೆ ಕಳಿಸಬೇಕಲ್ಲ! ರಿಯಾದ್‌ನ ಮೊದಲ ಬ್ಯಾಚಿನ ಆ 15 ಗಂಡಸರನ್ನು ಅವರು ನೆನಪಿಸಿಕೊಳ್ಳಲಿ.

ಇನ್ನು ಲೆಬನಾನ್. ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ 1905ರಷ್ಟು ಹಿಂದೆಯೇ ನರ್ಸಿಂಗ್ ಶಾಲೆ ಆರಂಭವಾಗಿತ್ತು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಸ್ಫೋಟವಾದಾಗ ಪತ್ರಿಕೆಗಳಲ್ಲಿ ಬಂದ ಒಂದು ಫೋಟೊ ನಿಮಗೂ ನೆನಪಿರಬಹುದು. ಒಡೆದ ಗಾಜು, ಮುರಿದ ಪೀಠೋಪಕರಣಗಳ ನಡುವೆ ಮೂರು ಎಳೆಗೂಸುಗಳನ್ನು ಎದೆಗವಚಿಕೊಂಡು ಫೋನಿನಲ್ಲಿ ಮಾತಾಡುತ್ತಿರುವ ನರ್ಸ್. ಆಕೆಯ ಹೆಸರು ಪಮೇಲಾ ಝೈನೂನ್. ತನ್ನ ಆಸ್ಪತ್ರೆ ತೀವ್ರವಾಗಿ ಹಾನಿಗೊಂಡಿದ್ದರೂ ಅವಧಿಗೆ ಮುನ್ನ ಹುಟ್ಟಿದ್ದ ಆ ಶಿಶುಗಳನ್ನು ಎತ್ತಿಕೊಂಡು ಬೇರೆ ಆಸ್ಪತ್ರೆ ಹುಡುಕುತ್ತಾ ನಡೆದು ಹೋದ ಅರಬ್ ಯುವತಿ. ಅರಬ್ ದೇಶಗಳ ಹೈಸ್ಕೂಲುಗಳ ಗೋಡೆಯಲ್ಲಿ ಆ ಫೋಟೊ ಇರಬೇಕು.

ಹಾಗೆಂದು ಫೋಟೊ ಹಾಕಿ, ಭಾಷಣ ಮಾಡಿದರೆ ಸಾಲದು. ಆರ್ಥಿಕ ಬಿಕ್ಕಟ್ಟಿನ ನಂತರ ಅದೇ ಲೆಬನಾನ್‌ನಿಂದ ಎಷ್ಟೋ ನರ್ಸ್‌ಗಳು ಹೊರದೇಶಕ್ಕೆ ಹೋದರು. ಗೌರವದ ಜೊತೆ ಸಂಬಳವೂ ಬೇಕು. ನೈಟ್ ಡ್ಯೂಟಿ ಇರುವ ತಾಯಂದಿರಿಗೆ ಮಗುವನ್ನು ಬಿಡಲು ಜಾಗ, ಮನೆಗೆ ಸುರಕ್ಷಿತವಾಗಿ ತಲುಪಿಸುವ ವಾಹನ, ಬರೀ ಹಾಸಿಗೆ ಪಕ್ಕ ನಿಲ್ಲುವುದಲ್ಲದೆ ಮುಂದೆ ಓದಿ ತಜ್ಞ ನರ್ಸ್, ಪ್ರಾಧ್ಯಾಪಕಿ, ಆಸ್ಪತ್ರೆಯ ಆಡಳಿತಾಧಿಕಾರಿ ಆಗುವ ದಾರಿ ಇವೆಲ್ಲ ಬೇಕು. ಮುಖ್ಯವಾಗಿ, ಕಾಲೇಜಿಗೆ ಸೇರಿಸುವ ಮೊದಲು ಹುಡುಗಿಯನ್ನಷ್ಟೇ ಅಲ್ಲ, ಅಪ್ಪ ಅಮ್ಮನನ್ನೂ ಒಂದು ದಿನ ಆಸ್ಪತ್ರೆಯೊಳಗೆ ಕರೆದುಕೊಂಡು ಹೋಗಿ ತೋರಿಸಬೇಕು. ಇದು ಚಿಕ್ಕಮ್ಮನ ಸಲಹೆ. 'ಐಸಿಯುನಲ್ಲಿ ಒಂದು ಶಿಫ್ಟ್ ನಿಂತು ನೋಡಿದ ಅಪ್ಪ ಮತ್ತೆ ಬೇಡ ಅನ್ನಲಿಕ್ಕಿಲ್ಲ' ಎನ್ನುತ್ತಾರೆ ಅವರು.

ಮತ್ತೆ ನಮ್ಮವರ ಕೆಲಸ?

ಈಗ ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಅರಬ್ ಯುವಕರೆಲ್ಲ ನರ್ಸ್ ಆದರೆ ನಮ್ಮವರು ಎಲ್ಲಿಗೆ ಹೋಗಬೇಕು? ನಮ್ಮ ರಾಜ್ಯದಲ್ಲಿ ನೂರಾರು ನರ್ಸಿಂಗ್ ಕಾಲೇಜುಗಳಿವೆ. ಮಂಗಳೂರು, ಬೆಂಗಳೂರಿನ ಹಾಸ್ಟೆಲುಗಳಲ್ಲಿ ಪ್ರೊಮೆಟ್ರಿಕ್ ಪರೀಕ್ಷೆಗೆ ಓದುತ್ತಾ ಗಲ್ಫ್ ಕನಸು ಕಾಣುವ ಅಕ್ಕತಂಗಿಯರು ಎಷ್ಟೋ ಮಂದಿ. ನಮ್ಮ ಮನೆಯಲ್ಲೂ ಇದೇ ಆತಂಕ. ಚಿಕ್ಕಮ್ಮನ ಕಾಂಟ್ರ್ಯಾಕ್ಟ್ ಮುಂದಿನ ವರ್ಷ ಮುಗಿಯುತ್ತದೆ. ನವೀಕರಣವಾಗದಿದ್ದರೆ ನನ್ನ ಕೊನೆಯ ಎರಡು ಸೆಮಿಸ್ಟರ್ ಫೀಸು ಹೇಗೆ ಎಂದು ಅಪ್ಪ ಈಗಲೇ ಲೆಕ್ಕ ಹಾಕುತ್ತಿದ್ದಾರೆ.

ಆದರೂ ನಾನು ಹೇಳುವುದಿಷ್ಟು. ಒಂದು ಜನಾಂಗದ ಮಕ್ಕಳು ತಮ್ಮ ಅಜ್ಜಿಯಂದಿರ ಸೇವೆಗೆ ನಾಚಿಕೊಳ್ಳಲಿ, ಅದರಿಂದ ನಮಗೆ ಕೆಲಸ ಸಿಗಲಿ ಎಂದು ಆಸೆಪಡುವುದು ಸರಿಯಲ್ಲ. ನಮ್ಮ ಅನ್ನ ಇನ್ನೊಬ್ಬರ ನಾಚಿಕೆಯ ಮೇಲೆ ನಿಂತಿರಬಾರದು. ಅಲ್ಲದೆ ಆ ನಾಚಿಕೆಯಿಂದ ಪೆಟ್ಟು ಬೀಳುತ್ತಿರುವುದು ನಮ್ಮವರಿಗೇ. 'ನಮ್ಮ ಮಗಳು ಮಾಡಬಾರದ ಕೆಲಸ' ಎಂದು ಜನ ತಿಳಿದಿರುವಲ್ಲಿ ಆ ಕೆಲಸ ಮಾಡುವ ಪರದೇಶಿ ಹೆಣ್ಣುಮಗಳಿಗೆ ಎಷ್ಟು ಗೌರವ ಸಿಕ್ಕೀತು? ವಾರ್ಡಿನಲ್ಲಿ ಬೆರಳು ಚಿಟಿಕೆ ಹೊಡೆದು ಕರೆಯುವ ರೋಗಿಯ ಕಡೆಯವರು, ಆ ಸೌದಿ ಹುಡುಗಿ ಬಂದ ಮೇಲೆ ಹಾಗೆ ಮಾಡುವುದು ಕಡಿಮೆಯಾಗಿದೆ ಎಂದು ಚಿಕ್ಕಮ್ಮ ಹೇಳಿದರು. ಆ ಸಮವಸ್ತ್ರದೊಳಗೆ ಈಗ ತಮ್ಮವಳೂ ಇದ್ದಾಳಲ್ಲ! ಸಮವಸ್ತ್ರಕ್ಕೆ ಮರ್ಯಾದೆ ಬಂದರೆ ಅದನ್ನು ತೊಟ್ಟ ಎಲ್ಲರಿಗೂ ಬರುತ್ತದೆ.

ಕೆಲಸ ಒಂದೇ ದಿನಕ್ಕೆ ಮಾಯವಾಗುವುದೂ ಇಲ್ಲ. ಜಗತ್ತಿನ ಕೊರತೆ ಲಕ್ಷಗಳ ಲೆಕ್ಕದಲ್ಲಿರುವಾಗ, ಕೆಲಸ ಬಲ್ಲ ನರ್ಸ್‌ಗೆ ಎಲ್ಲಾದರೊಂದು ಕಡೆ ಜಾಗ ಇದ್ದೇ ಇದೆ. ಹೊಸಬರಿಗೆ ಕಲಿಸಲೂ ಅನುಭವಿಗಳು ಬೇಕು. ನಮ್ಮದೇ ತಾಲ್ಲೂಕು ಆಸ್ಪತ್ರೆಗಳಿಗೂ ಬೇಕು; ಅಲ್ಲಿ ಅವರಿಗೆ ತಕ್ಕ ಸಂಬಳ ಕೊಡಿ ಎಂದು ಕೇಳುವುದು ನಮ್ಮ ಪಾಲಿನ ಕೆಲಸ. ಗಲ್ಫ್‌ನಲ್ಲಿ ಬಾಗಿಲು ಕಿರಿದಾಗುತ್ತಿದೆ ಎಂದು ಅಲ್ಲಿನ ಯುವಕರನ್ನು ಬೈಯುವ ಬದಲು ಈ ಬಾಗಿಲನ್ನು ಅಗಲ ಮಾಡಿಸಿಕೊಳ್ಳೋಣ.

ನಮ್ಮ ಓದುಗರಲ್ಲಿ ಹಲವರ ಅಕ್ಕ, ಅಣ್ಣ, ಅತ್ತೆ, ಮಾವ ಗಲ್ಫ್‌ನಲ್ಲಿದ್ದಾರೆ. ನಿಮ್ಮವರ ಜೊತೆ ಕೆಲಸ ಮಾಡುವ ಅರಬ್ ಗೆಳೆಯರಿದ್ದರೆ, ಅವರ ಮನೆಯಲ್ಲಿ ಪ್ಲಸ್ ಟು ಮುಗಿಸಿದ ತಂಗಿಯೋ ತಮ್ಮನೋ ಇದ್ದರೆ, ಈ ಮಾತು ಎತ್ತಲು ಹೇಳಿ. ಪರದೇಶಿಯ ಮಾತು ಯಾರು ಕೇಳುತ್ತಾರೆ ಎನ್ನಬೇಡಿ. ತನ್ನ ಕೆಲಸ ಹೋಗಬಹುದು ಎಂದು ಗೊತ್ತಿದ್ದೂ 'ನೀನೂ ಬಾ' ಎಂದು ಕರೆಯುವವರ ಮಾತಿಗೆ ಬೆಲೆ ಇರುತ್ತದೆ.

ಚಿಕ್ಕಮ್ಮ ಈಗ ಅದನ್ನೇ ಮಾಡುತ್ತಿದ್ದಾರೆ. ಆ ಹುಡುಗಿಗೆ ಐಸಿಯು ಕೆಲಸ ಕಲಿಸಲು ತಾವಾಗಿಯೇ ಒಪ್ಪಿಕೊಂಡಿದ್ದಾರೆ. 'ಅವಳು ಪೂರ್ತಿ ಕಲಿತರೆ ನಿಮ್ಮ ಜಾಗಕ್ಕೇ ಬರುವುದಿಲ್ಲವಾ?' ಎಂದು ಕಳೆದ ವಾರ ಫೋನಿನಲ್ಲಿ ಕೇಳಿದೆ.

'ಬರಲಿ ಮಗಾ. ಅವಳ ಊರು, ಅವಳ ಅಜ್ಜಿಯಂದಿರು' ಎಂದರು. ಆಮೇಲೆ, 'ನಿನ್ನ ಫೀಸಿನ ಚಿಂತೆ ಮಾಡಬೇಡ, ಅದು ತೆಗೆದಿಟ್ಟಿದ್ದೇನೆ' ಎಂದೂ ಸೇರಿಸಿದರು.

ಸಿಇಟಿಯ ದಿನ ಫೋನಿನಲ್ಲಿ ನಕ್ಕದ್ದಕ್ಕೆ ನಾನು ಆವತ್ತೇ ಕ್ಷಮೆ ಕೇಳಿದೆ. ಅವರಿಗೆ ಅದು ನೆನಪಿತ್ತು.